ಸ್ವಿಚ್ಚಿನ ಹಿಂದೊಂದು ಕಾಯ್ದೆ

ಕೆಲವು ವರ್ಷಗಳ ಹಿಂದಿನ ಮಾತು. ತರಗತಿಯಲ್ಲಿ ವಿದ್ಯುತ್ ಪ್ರವಾಹದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ತೂಕಡಿಸುತ್ತಿದ್ದ. ಗದರಿಸಿದೆ. ‘ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತು ಸಾರ್, ಅಪ್ಪನ ಜೊತೆ ಮೋಟರ್ ಹಾಕೋಕೆ ಹೋಗಿದ್ದೆ’ ಎಂದ. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಚನ್ನಗಿರಿಯ ಅಡಿಕೆ ತೋಟವಿರಲಿ, ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳದ ಹೊಲವಿರಲಿ, ಜಗಳೂರಿನ ಕೊಳವೆಬಾವಿಯಿರಲಿ, ಹಾವು ಚೇಳುಗಳ ಭಯದ ನಡುವೆ ಬ್ಯಾಟರಿ ಹಿಡಿದು ಹೊರಡುವ ಈ ಕಥೆ ಪೋಷಕರಿಗೆ ಹೊಸದಲ್ಲ.

ಕರೆಂಟು ರಾತ್ರಿಯೇ ಏಕೆ ಬರಬೇಕು? ವಿದ್ಯುತ್ತನ್ನು ಭತ್ತದಂತೆ ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ಬಳಕೆಯಾಗುವಷ್ಟು ವಿದ್ಯುತ್ ಆಯಾ ಕ್ಷಣದಲ್ಲೇ ತಯಾರಾಗಬೇಕು. ಬಳಕೆ ಹೆಚ್ಚಿ ಉತ್ಪಾದನೆ ಸಾಲದಿದ್ದರೆ ಜಾಲದ ಆವರ್ತನ 50 ಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ. ಆದ್ದರಿಂದ ಊರೆಲ್ಲ ಮಲಗಿದ ಹೊತ್ತಿಗೆ ಪಂಪ್‌ಸೆಟ್ಟಿನ ಸರದಿ ಹಾಕುವುದು ರೂಢಿಯಾಯಿತು.

ಹಾಗಾದರೆ ಇದನ್ನೆಲ್ಲ ನಿರ್ಧರಿಸುವವರು ಯಾರು? ಇಲ್ಲಿ ಭೌತಶಾಸ್ತ್ರ ಮುಗಿದು ಕಾನೂನು ಶುರುವಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡು ನಮ್ಮದು. 1948ರ ಕೇಂದ್ರ ಕಾಯ್ದೆಯಡಿ 1957ರಲ್ಲಿ ವಿದ್ಯುತ್ ಮಂಡಳಿ ಬಂತು. ನಮ್ಮ ದಾವಣಗೆರೆ ಜಿಲ್ಲೆ ಹುಟ್ಟಿ ಎರಡು ವರ್ಷವಾಗುವಷ್ಟರಲ್ಲಿ, 1999ರಲ್ಲಿ, ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆ ಜಾರಿಗೆ ಬಂದು ಮಂಡಳಿಯ ಯುಗ ಮುಗಿಯಿತು. ಪ್ರಸರಣಕ್ಕೊಂದು ನಿಗಮ, ದರ ನಿಗದಿಗೆ ಒಂದು ಸ್ವತಂತ್ರ ಆಯೋಗ ಬಂದವು. 2002ರಲ್ಲಿ ವಿತರಣೆಯ ಹೊಣೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಮತ್ತು ಗುಲ್ಬರ್ಗದ ಕಂಪನಿಗಳ ಪಾಲಾಯಿತು.

ಆ ಮೇಲೆ ಬಂದದ್ದು 2003ರ ಕೇಂದ್ರ ವಿದ್ಯುತ್ ಕಾಯ್ದೆ. ವಿತರಣಾ ಕಂಪನಿಗಳು ಕೊಳ್ಳುವ ವಿದ್ಯುತ್ತಿನಲ್ಲಿ ಇಂತಿಷ್ಟು ಪಾಲು ಗಾಳಿ, ಬಿಸಿಲಿನಂಥ ಮೂಲಗಳಿಂದಲೇ ಬರಬೇಕೆಂದು ಗೊತ್ತುಪಡಿಸುವ ಕೆಲಸವನ್ನು ಅದರ 86ನೇ ಕಲಂ ರಾಜ್ಯದ ಆಯೋಗಕ್ಕೆ ವಹಿಸಿತು. ಕೊಳ್ಳುವವರು ಖಚಿತವಾದರೆ ಬಂಡವಾಳ ಹೂಡುವವರೂ ಬರುತ್ತಾರೆ. ಚಿತ್ರದುರ್ಗ, ಜಗಳೂರು ಕಡೆಯ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳ ಹಿಂದೆ ಬರೀ ಗಾಳಿಯಿಲ್ಲ, ಇಂಥ ಕಲಮುಗಳೂ ಇವೆ. ರಾಜ್ಯದ 2014ರ ಸೌರ ನೀತಿಯ ನಂತರ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿತು.

ಇದರಿಂದ ಆ ಹುಡುಗನ ನಿದ್ದೆಗೇನು ಲಾಭ? ಇದೆ. ಮೊದಲು ವಿದ್ಯುತ್ ಮಿಗುತ್ತಿದ್ದುದು ನಡುರಾತ್ರಿ. ಬಿಸಿಲಿನ ವಿದ್ಯುತ್ ಸಿಗುವುದು ಹಗಲಿನಲ್ಲಿ. ಪಂಪ್‌ಸೆಟ್ಟಿನ ಸರದಿಯನ್ನು ಹಗಲಿಗೆ ತರಲು ಈಗ ದಾರಿಯುಂಟು. ಕೃಷಿ ಫೀಡರುಗಳಿಗೆ ಸಬ್‌ಸ್ಟೇಷನ್ ಬಳಿಯಲ್ಲೇ ಸೌರ ಘಟಕ ಕಟ್ಟುವ ಕುಸುಮ್ ಯೋಜನೆಯ ಉದ್ದೇಶವೂ ಇದೇ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಜಲವಿದ್ಯುತ್, ಕಲ್ಲಿದ್ದಲು ಅಥವಾ ಬ್ಯಾಟರಿಗಳೇ ಗತಿ ಎಂಬುದನ್ನು ಮರೆಯಬಾರದು.

ಇನ್ನೊಂದು ಲೆಕ್ಕ. 5 ಅಶ್ವಶಕ್ತಿಯ ಮೋಟರ್ ಎಂದರೆ ಸುಮಾರು 3.7 ಕಿಲೋವಾಟ್. ಏಳು ಗಂಟೆ ಓಡಿದರೆ 26 ಯೂನಿಟ್. 10 ಅಶ್ವಶಕ್ತಿಯವರೆಗಿನ ಪಂಪಿಗೆ ರೈತ ಹಣ ಕೊಡುವುದಿಲ್ಲ, ಸರ್ಕಾರ ಕೊಡಬೇಕು. 65ನೇ ಕಲಂ ಪ್ರಕಾರ ಆ ಹಣವನ್ನು ಮುಂಗಡವಾಗಿಯೇ ಕೊಡಬೇಕು. ಅದು ತಡವಾದರೆ ತಂತಿ, ಟ್ರಾನ್ಸ್‌ಫಾರ್ಮರುಗಳ ದುರಸ್ತಿಗೆ ಹಣವೆಲ್ಲಿಂದ ಬರಬೇಕು? ಪುಕ್ಕಟೆ ಎಂಬುದು ವಿಜ್ಞಾನದಲ್ಲೂ ಇಲ್ಲ, ಲೆಕ್ಕದಲ್ಲೂ ಇಲ್ಲ. ಒಬ್ಬರು ಕೊಡದಿದ್ದರೆ ಇನ್ನೊಬ್ಬರು ಕೊಟ್ಟಿರುತ್ತಾರೆ.

ಪೋಷಕರಿಗೊಂದು ಮಾತು. ದರ ನಿಗದಿಗೆ ಮುನ್ನ ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಶೀಲಿಸಲೇಬೇಕೆಂದು ಕಾಯ್ದೆಯಲ್ಲಿದೆ. ಹಗಲಿನಲ್ಲಿ ತ್ರೀ ಫೇಸ್ ಬೇಕೆಂದು ಅರಳಿಕಟ್ಟೆಯಲ್ಲಿ ಆಡುವ ಮಾತನ್ನು ಒಂದು ಹಾಳೆಯ ಮೇಲೆ ಬರೆದು ಅಲ್ಲಿಗೂ ಕಳಿಸಬಹುದು.

ಮಕ್ಕಳಿಗೆ ಈ ವಾರದ ಮನೆಗೆಲಸ: ಮನೆಯ ಕರೆಂಟು ಬಿಲ್ಲು ತೆಗೆದು ನೋಡಿ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಮೊತ್ತ ಸೊನ್ನೆಯಾಗಿರಬಹುದು, ಯೂನಿಟ್ಟು ಸೊನ್ನೆಯಲ್ಲ. ಅದನ್ನು ತಿಂಗಳ ದಿನಗಳಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅಪ್ಪನ ಪಂಪಿನ 26ರ ಪಕ್ಕ ಬರೆದಿಡಿ. ಎರಡನ್ನೂ ನೋಡುತ್ತ ಒಂದೈದು ನಿಮಿಷ ಯೋಚಿಸಿ.