ಕೊಳಗ ಕೇಳಿದವರ ಸ್ವಾತಂತ್ರ್ಯ

1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನೇಗಿಲು ಹೊತ್ತು ಗದ್ದೆಗಿಳಿದರು. ಮರುತಿಂಗಳು ದಿಲ್ಲಿಯಲ್ಲಿ ನೆಹರೂ ಸಂವಿಧಾನದ ಮೊದಲ ತಿದ್ದುಪಡಿಯ ಮಸೂದೆಯನ್ನು ಸಂಸತ್ತಿನ ಮುಂದಿಟ್ಟರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಅದೇ ಜೂನ್ 18ರಂದು ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮಲೆನಾಡಿನ ಚರಿತ್ರೆ ಬರೆದವರು ಕಾಗೋಡನ್ನು ಬರೆದರು, ಸಂವಿಧಾನದ ಚರಿತ್ರೆ ಬರೆದವರು ತಿದ್ದುಪಡಿಯನ್ನು ಬರೆದರು. ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕೆಂದು ಬಹಳ ದಿನಗಳಿಂದ ನನಗೆ ಅನ್ನಿಸುತ್ತಿದೆ.

ಕಾಗೋಡಿನ ಜಗಳ ಶುರುವಾದದ್ದು ಕೊಳಗದಿಂದ. ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯಿಂದ ಬರುತ್ತಿದ್ದ ಕೊಳಗ ದೊಡ್ಡದು. ವರ್ಷವಿಡೀ ಕೆಸರಿನಲ್ಲಿ ದುಡಿದ ದೀವರ ಸಮುದಾಯದ ಗೇಣಿದಾರ ತನ್ನ ಕಣ್ಣೆದುರೇ ಹೆಚ್ಚಿನ ಭತ್ತ ಆ ಕೊಳಗದೊಳಗೆ ಬೀಳುವುದನ್ನು ನೋಡಿಕೊಂಡು ಸುಮ್ಮನಿರಬೇಕಾಗಿತ್ತು. ‘ಇದರಲ್ಲಿ ಎಷ್ಟು ಸೇರು ಹಿಡಿಯುತ್ತದೆ?’ ಎಂದು ಒಡೆಯರ ಎದುರು ನಿಂತು ಬಾಯಿಬಿಟ್ಟು ಕೇಳುವುದೇ ಆ ಕಾಲಕ್ಕೆ ಎದೆಗಾರಿಕೆಯ ಮಾತು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಆ ಪ್ರಶ್ನೆಯನ್ನು ಒಬ್ಬರ ಬಾಯಿಂದ ನೂರಾರು ಜನರ ಬಾಯಿಗೆ ತಂದರು. ಆರಗದ ಕಡೆಯ ಶಾಂತವೇರಿ ಗೋಪಾಲಗೌಡರೂ ಅವರ ಸಮಾಜವಾದಿ ಗೆಳೆಯರೂ ಅದನ್ನು ರಾಜ್ಯದ ಪ್ರಶ್ನೆಯಾಗಿ ಮಾಡಿದರು. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರದ ಜನ ಗೋಪಾಲಗೌಡರನ್ನೇ ಮೈಸೂರು ವಿಧಾನಸಭೆಗೆ ಕಳಿಸಿದರು. ಸದನದೊಳಗೆ ಆಡಿದ ಮಾತಿಗೆ ಶಾಸಕನನ್ನು ಯಾವ ನ್ಯಾಯಾಲಯಕ್ಕೂ ಎಳೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 194ನೆಯ ವಿಧಿ. ಗದ್ದೆಯಲ್ಲಿ ಆಡಿದ್ದಕ್ಕೆ ಸೆರೆಮನೆ ತೋರಿಸಿದ ಮಾತನ್ನು ಅವರು ಆ ರಕ್ಷಣೆಯಲ್ಲಿ ನಿಂತು ಆಡಿದರು.

ಇತ್ತ ದಿಲ್ಲಿಯಲ್ಲಿ ನಡೆದದ್ದನ್ನು ಒಂದೇ ಬಣ್ಣದಲ್ಲಿ ಹೇಳಲಾಗದು. ಅದರ ಹಿಂದಿನ ವರ್ಷ, 1950ರಲ್ಲಿ, ರೊಮೇಶ್ ಥಾಪರ್ ಅವರ ‘ಕ್ರಾಸ್‌ರೋಡ್ಸ್’ ಪತ್ರಿಕೆಯನ್ನು ಮದರಾಸು ಸರ್ಕಾರ ತನ್ನ ಪ್ರಾಂತದೊಳಗೆ ಬರದಂತೆ ತಡೆದಿತ್ತು. ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಹೊಡೆದುಹಾಕಿತು. ಅದಕ್ಕೆ ಉತ್ತರವಾಗಿ ಬಂದ ಮೊದಲ ತಿದ್ದುಪಡಿ 19ನೆಯ ವಿಧಿಯೊಳಗೆ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಹೊಸ ಕಾರಣವನ್ನು ಸೇರಿಸಿತು. ನಿರ್ಬಂಧ ಹೇರುವುದಾದರೆ ಅದು ಸಮಂಜಸವಾಗಿರಬೇಕು ಎಂಬ ಷರತ್ತನ್ನೂ ಹಾಕಿತು. ಇದೇ ತಿದ್ದುಪಡಿ ಜಮೀನ್ದಾರಿ ರದ್ದತಿಯ ಕಾನೂನುಗಳನ್ನು ಕೋರ್ಟಿನ ಹೊಡೆತದಿಂದ ಕಾಪಾಡಲು ಒಂಬತ್ತನೆಯ ಅನುಸೂಚಿಯನ್ನೂ ಹುಟ್ಟುಹಾಕಿತು. ಅಂದರೆ ಕಾಗೋಡಿನ ಗೇಣಿದಾರನಿಗೆ ಮುಂದೊಂದು ದಿನ ಭೂಮಿ ಸಿಗುವ ದಾರಿಯನ್ನು ತೆರೆದ ಕಾಗದವೇ, ಭೂಮಿ ಬೇಕೆಂದು ಕೂಗುವ ಅವನ ಬಾಯಿಗೆ ಹಾಕಬಹುದಾದ ಬೀಗವನ್ನೂ ತಂದಿತ್ತು. ನೆಹರೂ ಅವರನ್ನು ತೆಗಳಲು ಇದನ್ನು ಹೇಳುತ್ತಿಲ್ಲ. ಭೂಮಿ ಕೊಡುವವರು ಮಾತಿಗೆ ಹೆದರಬೇಕಾಗಿರಲಿಲ್ಲ ಎಂಬುದು ನನ್ನ ನೋವು.

ಆ ಬೀಗ ಎಷ್ಟು ಬಿಗಿ ಎಂದು ಪರೀಕ್ಷಿಸುವ ಪಾಳಿ ಮತ್ತೆ ಲೋಹಿಯಾ ಅವರಿಗೇ ಬಂತು. 1954ರಲ್ಲಿ ಉತ್ತರ ಪ್ರದೇಶ ಸರ್ಕಾರ ಕಾಲುವೆ ನೀರಿನ ದರ ಏರಿಸಿತು. ಏರಿಸಿದ ದರ ಕಟ್ಟಬೇಡಿ ಎಂದು ಲೋಹಿಯಾ ಫರೂಕಾಬಾದಿನಲ್ಲಿ ರೈತರಿಗೆ ಹೇಳಿದರು. ಅವರನ್ನು ಹಿಡಿದದ್ದು ಯಾವ ಕಾನೂನಿನಡಿ ಗೊತ್ತೆ? 1932ರದ್ದು, ಕರನಿರಾಕರಣೆಯ ಕಾಲದ ಸತ್ಯಾಗ್ರಹಿಗಳನ್ನು ಬಗ್ಗುಬಡಿಯಲು ಬ್ರಿಟಿಷರ ಆಡಳಿತ ಮಾಡಿದ್ದ ವಿಶೇಷಾಧಿಕಾರ ಕಾಯಿದೆ. ಸರ್ಕಾರಕ್ಕೆ ಸಲ್ಲಬೇಕಾದದ್ದನ್ನು ಕೊಡಬೇಡ ಎಂದು ಯಾರಿಗಾದರೂ ಹೇಳಿದರೆ ಅದೇ ಅಪರಾಧ ಎನ್ನುತ್ತಿತ್ತು ಅದರ ಮೂರನೆಯ ಕಲಮು. ಅಲಹಾಬಾದ್ ಹೈಕೋರ್ಟು ಆ ಕಲಮನ್ನು ಅಸಿಂಧು ಎಂದಿತು. ಸರ್ಕಾರ ಬಿಡದೆ ಸುಪ್ರೀಂ ಕೋರ್ಟಿಗೆ ಹೋಯಿತು.

1960ರ ಜನವರಿಯಲ್ಲಿ ಬಂದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೆ. ಸುಬ್ಬರಾವ್. ಸರ್ಕಾರದ ವಕೀಲರು ಒಂದು ವಾದ ಹೂಡಿದ್ದರು: ಒಬ್ಬನೇ ಒಬ್ಬನಿಗೆ ಕರ ಕಟ್ಟಬೇಡ ಎಂದರೂ ಅದು ಕಿಡಿ, ಅದು ಮುಂದೆಂದೋ ದೊಡ್ಡ ಬೆಂಕಿಯಾಗಿ ಸುವ್ಯವಸ್ಥೆಯನ್ನೇ ಸುಟ್ಟೀತು. ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಊಹೆಯ ಕೇಡು ಸಾಲದು, ಆಡಿದ ಮಾತಿಗೂ ಆಗುವ ಕೇಡಿಗೂ ಹತ್ತಿರದ, ನೇರವಾದ ನಂಟನ್ನು ಸರ್ಕಾರ ತೋರಿಸಬೇಕು ಎಂದರು. ಐದು ವರ್ಷ ಕಳೆದು, 1965ರಲ್ಲಿ, ಪಟ್ನಾದಲ್ಲಿ ಲೋಹಿಯಾ ಅವರನ್ನು ಭಾರತ ರಕ್ಷಣಾ ನಿಯಮದಡಿ ಸೆರೆಯಲ್ಲಿಟ್ಟಾಗ ನ್ಯಾಯಮೂರ್ತಿ ಹಿದಾಯತುಲ್ಲಾ ಈ ಲೆಕ್ಕವನ್ನು ಇನ್ನೂ ಬಿಡಿಸಿದರು. ಒಂದರೊಳಗೊಂದು ಮೂರು ವೃತ್ತ ಬರೆಯಿರಿ. ಹೊರಗಿನದು ದಿನನಿತ್ಯದ ಕಾನೂನು ಪಾಲನೆ, ನಡುವಿನದು ಸಾರ್ವಜನಿಕ ಸುವ್ಯವಸ್ಥೆ, ಒಳಗಿನದು ದೇಶದ ಭದ್ರತೆ. ಹೊರಗಿನ ವೃತ್ತದಲ್ಲಿ ಸಣ್ಣ ಗಲಾಟೆಯಾದ ಮಾತ್ರಕ್ಕೆ ಒಳಗಿನ ವೃತ್ತಗಳಿಗೆ ಕೇಡಾಯಿತೆಂದು ಹೇಳುವಂತಿಲ್ಲ. ಲೋಹಿಯಾ ಬಿಡುಗಡೆಯಾದರು.

ಈ ಎರಡೂ ತೀರ್ಪುಗಳನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಮತ್ತೆ ಕೈಗೆತ್ತಿಕೊಂಡಿತು. ಫೇಸ್‌ಬುಕ್ಕಿನಲ್ಲಿ ಎರಡು ಸಾಲು ಬರೆದವರನ್ನು, ಅದನ್ನು ಮೆಚ್ಚಿದವರನ್ನು ಕೂಡ ಠಾಣೆಗೆ ಕರೆದೊಯ್ಯಲು ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ಆ ದಿನ ಬಿದ್ದುಹೋಯಿತು. ಶ್ರೇಯಾ ಸಿಂಘಲ್ ಪ್ರಕರಣದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ನಾರಿಮನ್ ಚರ್ಚೆ, ಸಮರ್ಥನೆ, ಪ್ರಚೋದನೆ ಎಂದು ಮೂರು ಹಂತ ಮಾಡಿ, ಮಾತು ಪ್ರಚೋದನೆಯ ಹಂತಕ್ಕೆ ಮುಟ್ಟಿದಾಗಲೇ ಕಾನೂನಿನ ಕೈ ಬರಬೇಕೆಂದರು. ಮೊಬೈಲಿನಲ್ಲಿ ಸಿಟ್ಟು ಬರೆದುಕೊಳ್ಳುವ ಇವತ್ತಿನ ಹುಡುಗರಿಗೆ ಸಿಕ್ಕ ರಕ್ಷಣೆಯ ಬೇರು ನೀರಿನ ಕರದ ಜಗಳದಲ್ಲಿದೆ, ಆ ಜಗಳಕ್ಕೆ ನಿಂತವರು ನಮ್ಮ ಸಾಗರದಲ್ಲಿ ಸೆರೆಸಿಕ್ಕವರು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಮ್ಮಂಥ ಸಾಹಿತ್ಯ ಪತ್ರಿಕೆಗಳು ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಬರೆಯುವಾಗ ಪುಸ್ತಕಕ್ಕೆ ಬಿದ್ದ ನಿಷೇಧ, ಸಿನಿಮಾಕ್ಕೆ ಬಿದ್ದ ಕತ್ತರಿ, ಇವಿಷ್ಟೇ ಬರುತ್ತವೆ. ಅವು ಸಣ್ಣ ಸಂಗತಿಗಳಲ್ಲ. ತೀರ್ಥಹಳ್ಳಿಯ ಮೇಳಿಗೆಯವರಾದ ಅನಂತಮೂರ್ತಿಯವರ ‘ಸಂಸ್ಕಾರ’ ಸಿನಿಮಾ ಆದಾಗ ಮದರಾಸಿನ ಸೆನ್ಸಾರಿನವರು ಅದನ್ನು ತಡೆದಿದ್ದರು. ಕೊನೆಗೆ ಬಿಡುಗಡೆಯಾಗಿ 1970ರ ಸ್ವರ್ಣಕಮಲ ಪಡೆಯಿತು. ಚಂದ್ರಿಯ ಪಾತ್ರ ಮಾಡಿದ್ದ, ಲೋಹಿಯಾ ಅವರ ಹಾದಿಯಲ್ಲಿ ನಡೆದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಉಬ್ಬಸದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಆ ಜೈಲಿದ್ದ ಜಾಗವೇ ಈಗಿನ ಫ್ರೀಡಂ ಪಾರ್ಕ್. 2021ರಿಂದ ಬೆಂಗಳೂರಿನ ಪ್ರತಿಭಟನೆಗಳೆಲ್ಲ ಅಲ್ಲೇ ನಡೆಯಬೇಕೆಂಬ ನಿಯಮವಿದೆ. ಇಂಥ ಕಥೆಗಳನ್ನು ನಾವು ಮರೆಯಬಾರದು. ಆದರೆ ನಮ್ಮ ಕಾನೂನಿಗೆ ಬೆನ್ನೆಲುಬು ಕೊಟ್ಟ ಲೋಹಿಯಾ ಅವರ ಮೊಕದ್ದಮೆ ಕಾದಂಬರಿಯದ್ದಲ್ಲ, ರೈತರಿಗೆ ನೀರಿನ ದರದ ಬಗ್ಗೆ ಹೇಳಿದ ಮಾತಿನದು. ಬರೆಯುವವರು ಆ ನೆರಳಿನಲ್ಲಿ ಕೂತಿದ್ದೇವೆ.

ಈಗ ಆ ನೆರಳು ತೆಳುವಾಗುತ್ತಿದೆ ಎಂಬುದು ನನ್ನ ಆತಂಕ. 2025ರ ಸೆಪ್ಟೆಂಬರ್ 24ರಂದು ನಮ್ಮದೇ ಹೈಕೋರ್ಟು ಎಕ್ಸ್ ಕಂಪನಿಯ ಅರ್ಜಿಯನ್ನು ವಜಾ ಮಾಡಿತು. ಕೇಂದ್ರದ ‘ಸಹಯೋಗ್’ ಪೋರ್ಟಲ್ ಮೂಲಕ ಅಧಿಕಾರಿಗಳು ಬರಹ ತೆಗೆಯಲು ಸೂಚಿಸುವುದನ್ನು ಕಂಪನಿ ಪ್ರಶ್ನಿಸಿತ್ತು. 19ನೆಯ ವಿಧಿ ಇರುವುದು ಭಾರತದ ನಾಗರಿಕರಿಗೆ, ಹೊರದೇಶದ ಕಂಪನಿಗಲ್ಲ ಎಂದಿತು ಕೋರ್ಟು. ಅಮೆರಿಕದ ವಾಕ್‌ಸ್ವಾತಂತ್ರ್ಯದ ಕಲ್ಪನೆಯನ್ನು ಇಲ್ಲಿ ನೆಡಲಾಗದು ಎಂದೂ ಹೇಳಿತು. ಮೊದಲನೆಯದು ಸರಿಯೇ ಇರಬಹುದು. ಆ ಕಂಪನಿಯ ಲಾಭನಷ್ಟ ನನ್ನ ಚಿಂತೆಯಲ್ಲ. ಆದರೆ ಆ ಬರಹ ಬರೆದ ನಾಗರಿಕನ ಮಾತನ್ನು ಕೇಳುವವರು ಯಾರು? ಇನ್ನು ಎರಡನೆಯದಕ್ಕೆ ಬಂದರೆ, ಕೂಡಲೇ ಕಾನೂನುಭಂಗಕ್ಕೆ ಎಳೆಯುವ ಮಾತನ್ನಷ್ಟೇ ಶಿಕ್ಷಿಸಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟು ಬ್ರಾಂಡೆನ್‌ಬರ್ಗ್ ಪ್ರಕರಣದಲ್ಲಿ ಹೇಳಿದ್ದು 1969ರಲ್ಲಿ. ಲೋಹಿಯಾ ತೀರ್ಪು ಅದಕ್ಕಿಂತ ಒಂಬತ್ತು ವರ್ಷ ಹಿರಿಯದು. ಹತ್ತಿರದ ಕೇಡನ್ನು ತೋರಿಸು ಎಂದು ಸರ್ಕಾರವನ್ನು ಕೇಳುವ ಹಕ್ಕನ್ನು ನಾವು ಕಡ ತಂದದ್ದಲ್ಲ.

ನಮ್ಮ ಸೀಮೆಯಲ್ಲಿ ಈ ಹಕ್ಕು ಈಗ ಎಲ್ಲಿ ಬಳಕೆಯಾಗುತ್ತಿದೆ ಎಂದರೆ ನಾನು ಯೋಜನೆಗಳ ಬಗ್ಗೆ ಜನರ ಮಾತು ಕೇಳುವ ಅಹವಾಲು ಸಭೆಯನ್ನು ತೋರಿಸುತ್ತೇನೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರುಗಳು ಮುಳುಗಿದಾಗ ಅಂಥ ಸಭೆ ನಡೆಸಬೇಕೆಂಬ ಕಾನೂನೇ ಇರಲಿಲ್ಲ. ಈಗ ಇದೆ. 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ಲಿನಲ್ಲೂ ಗೇರುಸೊಪ್ಪೆಯಲ್ಲೂ ಸಭೆ ನಡೆಯಿತು. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪ್ರಕಾರ ಸಭೆಯನ್ನು ಪೂರ್ತಿ ವಿಡಿಯೊ ಮಾಡಬೇಕು, ಜನ ಹೇಳಿದ್ದನ್ನು ಬರೆದು ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ತಿಳಿಸಬೇಕು. ಆದರೆ ಪರಿಸರ ಪರಿಣಾಮದ ದಪ್ಪ ವರದಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ತನ್ನ ತೋಟದ, ತನ್ನ ಕಾಡಿನ ಭವಿಷ್ಯವನ್ನು ಪೂರ್ತಿ ಓದಲಾಗದವನಿಗೆ ಮೈಕು ಕೊಟ್ಟು ‘ಹೇಳಿ’ ಎಂದರೆ ಆ ಸ್ವಾತಂತ್ರ್ಯ ಅರ್ಧದ್ದು. 2020ರಲ್ಲಿ ಆ ಅಧಿಸೂಚನೆಯ ಹೊಸ ಕರಡು ಬಂದಾಗ ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೆ ಅನುವಾದಿಸಿ ಎಂದು ದಿಲ್ಲಿ ಹೈಕೋರ್ಟು ಹೇಳಿತ್ತು, ಕನ್ನಡದಲ್ಲಿ ಸಿಗದ ಕರಡನ್ನು ಅಂತಿಮಗೊಳಿಸದಂತೆ ಕರ್ನಾಟಕ ಹೈಕೋರ್ಟು ತಡೆದಿತ್ತು. ಅದೇ ನ್ಯಾಯ ಪ್ರತಿಯೊಂದು ಯೋಜನೆಯ ಪೂರ್ಣ ವರದಿಗೂ ಅನ್ವಯಿಸಬೇಕು. ಇದನ್ನು ಕೇಳಿಕೊಂಡು ನಮ್ಮ ಭಾಗದ ಶಾಸಕರೂ ಸಂಸದರೂ ಸದನದಲ್ಲಿ ಎದ್ದು ನಿಲ್ಲಬೇಕು.

ಕಾರ್ಗಲ್ಲಿನಲ್ಲೋ ಗೇರುಸೊಪ್ಪೆಯಲ್ಲೋ ಮಾತಾಡಿದವರು, ಮಾತಾಡಬೇಕೆಂದು ಹೋಗಿ ಸರದಿ ಸಿಗದೆ ವಾಪಸು ಬಂದವರು ಇದ್ದರೆ, ಹೇಳಿದ್ದನ್ನು ಅಥವಾ ಹೇಳಬೇಕೆಂದಿದ್ದನ್ನು ನಮಗೆ ಬರೆದು ಕಳಿಸಿ. ಯೋಜನೆ ಬೇಕು ಎನ್ನುವವರ ಮಾತಿಗೂ ಇಲ್ಲಿ ಜಾಗವಿದೆ. ಹಿನ್ನೀರಿನಾಚೆ ನೆಟ್‌ವರ್ಕ್ ಸಿಗದ ಊರಿನವರು ಅಂಚೆಯಲ್ಲೇ ಕಳಿಸಿದರೂ ಆದೀತು. ಬರೆಯಲು ಬಾರದ ಹಿರಿಯರ ಮಾತನ್ನು ಮನೆಯ ಮಕ್ಕಳು ಬರೆದುಕೊಡಲಿ. ದೀವರ ಕನ್ನಡವಿರಲಿ, ಹವಿಗನ್ನಡವಿರಲಿ, ಬಂದಂತೆಯೇ ಅಚ್ಚು ಹಾಕುತ್ತೇವೆ.