ಶಿಕ್ಷೆ ಕಡಿಮೆಯಾದರೆ ತಪ್ಪು ಯಾರದು?

‘ಇಷ್ಟೇನಾ ಶಿಕ್ಷೆ? ಜಡ್ಜ್ ಸುಮ್ಮನೆ ಬಿಟ್ಟುಬಿಟ್ಟರು’ ಎಂಬ ಮಾತನ್ನು ಬಸ್ ಸ್ಟ್ಯಾಂಡಿನಿಂದ ಹಿಡಿದು ನಮ್ಮ ಕ್ಲಾಸಿನವರೆಗೆ ಎಲ್ಲ ಕಡೆ ಕೇಳುತ್ತೇವೆ. ಸಿಟ್ಟು ಬರುವುದು ಸಹಜ. ಆದರೆ ಅದನ್ನೆಲ್ಲ ನ್ಯಾಯಾಧೀಶರೊಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ಶಿಕ್ಷೆಯಲ್ಲಿ ಮೂವರ ಕೈ ಇರುತ್ತದೆ: ಕಾನೂನು ಮಾಡುವವರು, ತೀರ್ಪು ಕೊಡುವವರು, ತೀರ್ಪಿನ ನಂತರ ಕಡತ ಹಿಡಿದು ಕೂರುವ ಸರ್ಕಾರ.

ಮೊದಲು ಕಾನೂನು. ನಿರ್ಲಕ್ಷ್ಯದಿಂದ ಗಾಡಿ ಓಡಿಸಿ ಒಬ್ಬರ ಸಾವಿಗೆ ಕಾರಣನಾದವನಿಗೆ ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಇದ್ದ ಗರಿಷ್ಠ ಶಿಕ್ಷೆ 2 ವರ್ಷ. ಬರೀ ದಂಡ ಹಾಕಿಯೂ ಬಿಡಬಹುದಿತ್ತು. ಆ ಕಲಮಿನ ಕೆಳಗೆ ಮೂರು ವರ್ಷ ಕೊಡಬೇಕೆಂದು ನ್ಯಾಯಾಧೀಶರಿಗೆ ಅನಿಸಿದರೂ ಕೊಡುವಂತಿರಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಅದನ್ನು 5 ವರ್ಷಕ್ಕೆ ಏರಿಸಿದೆ. ಅಷ್ಟು ವರ್ಷ ಶಿಕ್ಷೆ ಕಡಿಮೆ ಇದ್ದದ್ದು ಸಂಸತ್ತಿನ ಲೆಕ್ಕಕ್ಕೆ ಸೇರುತ್ತದೆ.

ಎರಡನೆಯದು ನ್ಯಾಯಾಲಯ. ಹೆಚ್ಚಿನ ಅಪರಾಧಗಳಿಗೆ ನಮ್ಮ ಕಾನೂನು ‘ಇಷ್ಟು ವರ್ಷದವರೆಗೆ’ ಎಂದಷ್ಟೇ ಹೇಳುತ್ತದೆ. ಒಂದು ದಿನದಿಂದ ಆ ಗರಿಷ್ಠದವರೆಗೆ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ನಮ್ಮಲ್ಲಿಲ್ಲ. ಹಾಗಾಗಿ ಒಂದೇ ಬಗೆಯ ಅಪರಾಧಕ್ಕೆ ಒಂದು ಕೋರ್ಟಿನಲ್ಲಿ ಒಂದು ಶಿಕ್ಷೆ, ಪಕ್ಕದ ಕೋರ್ಟಿನಲ್ಲಿ ಇನ್ನೊಂದು ಆಗಬಹುದು. ಇದನ್ನು ಸರಿಪಡಿಸಲು ಒಂದು ಶಾಸನಬದ್ಧ ಸಮಿತಿ ಬೇಕೆಂದು 2003ರಲ್ಲೇ ಶಿಫಾರಸು ಮಾಡಿದ್ದು ನ್ಯಾಯಮೂರ್ತಿ ವಿ.ಎಸ್. ಮಳಿಮಠ್ ಅವರ ಸಮಿತಿ. ಅವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಎರಡು ದಶಕ ಕಳೆದರೂ ಅಂಥ ಮಾರ್ಗಸೂಚಿ ಬಂದಿಲ್ಲ.

ಮೂರನೆಯದು ಸರ್ಕಾರ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆಯ ಪಾಲಾರ್ ಬಳಿ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಜನ ಸತ್ತರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ನಾಲ್ವರ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಅವರ ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರ ಫೆಬ್ರವರಿಯಲ್ಲಿ, ಅಂದರೆ ಒಂಬತ್ತು ವರ್ಷದ ನಂತರ. ಇಷ್ಟು ಅತಿಯಾದ ವಿಳಂಬವೇ ಒಂದು ಹಿಂಸೆ ಎಂದು 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಗಲ್ಲನ್ನು ಮತ್ತೆ ಜೀವಾವಧಿಗೆ ಇಳಿಸಿತು.

ಗಲ್ಲೇ ಆಗಬೇಕಿತ್ತು ಎಂದು ನಾನು ವಾದಿಸುತ್ತಿಲ್ಲ. ನಾನು ಕೇಳುವುದು ಇಷ್ಟೇ: ಶಿಕ್ಷೆ ಇಳಿಸಿದ್ದು ನ್ಯಾಯಾಧೀಶರೇ, ಅಥವಾ ಒಂಬತ್ತು ವರ್ಷ ಕದಲದ ಕಡತವೇ? ಬೇಗ ‘ಇಲ್ಲ’ ಎಂದಿದ್ದರೂ ‘ಹೌದು’ ಎಂದಿದ್ದರೂ ಅದೊಂದು ನಿರ್ಧಾರವಾಗುತ್ತಿತ್ತು. ಜೈಲಿನಲ್ಲಿದ್ದವರೂ ಕಾದರು, ಸತ್ತವರ ಮನೆಯವರೂ ಕಾದರು.

ಬಿಲ್ಕಿಸ್ ಬಾನೊ ಪ್ರಕರಣದಲ್ಲಂತೂ ನ್ಯಾಯಾಲಯ 11 ಜನರಿಗೆ ಜೀವಾವಧಿ ಕೊಟ್ಟಿತ್ತು. 2022ರ ಆಗಸ್ಟ್ 15ರಂದು ಅವರನ್ನು ಅವಧಿಗೆ ಮುಂಚೆ ಬಿಟ್ಟದ್ದು ಗುಜರಾತ್ ಸರ್ಕಾರ. 2024ರ ಜನವರಿ 8ರಂದು ಅದನ್ನು ರದ್ದುಮಾಡಿ ಅವರನ್ನು ಜೈಲಿಗೆ ವಾಪಸು ಕಳಿಸಿದ್ದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು.

ಹಾಗಾದರೆ ಸರ್ಕಾರವೇ ಒಂದು ಪಟ್ಟಿ ಮಾಡಿ, ಈ ಅಪರಾಧಕ್ಕೆ ಇಷ್ಟು ಎಂದು ಬರೆದುಬಿಡಲಿ ಎನ್ನುವವರಿದ್ದಾರೆ. ಅದು ಅಪಾಯ. ಹಸಿವಿಗೆ ಕದ್ದವನನ್ನೂ ಕದಿಯುವುದನ್ನೇ ಕಸುಬು ಮಾಡಿಕೊಂಡವನನ್ನೂ ಪಟ್ಟಿ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ನೋಡುವವರು ನ್ಯಾಯಾಧೀಶರು ಮಾತ್ರ. ಇಂಗ್ಲೆಂಡಿನಲ್ಲಿ ಇದಕ್ಕೊಂದು ಮಧ್ಯದ ದಾರಿ ಇದೆ. ಅಲ್ಲಿ 2010ರಿಂದ ಶಿಕ್ಷಾ ಮಂಡಳಿಯೊಂದು ಮಾರ್ಗಸೂಚಿ ಬರೆಯುತ್ತದೆ. ಅದರಲ್ಲಿ ನ್ಯಾಯಾಂಗದವರೇ ಹೆಚ್ಚು. ನ್ಯಾಯಕ್ಕೆ ಅಗತ್ಯವಾದರೆ ನ್ಯಾಯಾಧೀಶರು ಮಾರ್ಗಸೂಚಿ ಬಿಟ್ಟು ನಡೆಯಬಹುದು, ಆದರೆ ಕಾರಣ ಹೇಳಬೇಕು. ನಮ್ಮ ಅಕೌಂಟೆನ್ಸಿಯಲ್ಲೂ ಹೀಗೆಯೇ: ಸವಕಳಿ ಲೆಕ್ಕಕ್ಕೆ ಒಂದಕ್ಕಿಂತ ಹೆಚ್ಚು ಪದ್ಧತಿಗಳಿವೆ, ಆದರೆ ಯಾವುದನ್ನು ಅನುಸರಿಸಿದೆವು ಎಂದು ತಿಳಿಸಲೇಬೇಕು. ನಮಗೂ ಅಂಥ ಮಾರ್ಗಸೂಚಿ ಬೇಕು. ಜೊತೆಗೆ ಕ್ಷಮಾದಾನ ಮತ್ತು ಅವಧಿಪೂರ್ವ ಬಿಡುಗಡೆಯ ಕಡತಗಳಿಗೆ ಕಾಲಮಿತಿ ಇರಬೇಕು, ನಿರ್ಧಾರದ ಕಾರಣ ಎಲ್ಲರಿಗೂ ಓದಲು ಸಿಗಬೇಕು.

ಮುಂದಿನ ಸಲ ‘ಇಷ್ಟೇನಾ’ ಅನ್ನುವ ಮುಂಚೆ ಮೂರು ಪ್ರಶ್ನೆ ಕೇಳೋಣ. ಆ ಕಲಮಿನಲ್ಲಿ ಗರಿಷ್ಠ ಶಿಕ್ಷೆ ಎಷ್ಟು? ನ್ಯಾಯಾಧೀಶರು ಬರೆದ ಕಾರಣ ಏನು? ಶಿಕ್ಷೆ ಕಡಿಮೆಯಾಯಿತೆಂದು ಮೇಲ್ಮನವಿ ಹಾಕುವ ಹಕ್ಕು ಸರ್ಕಾರಕ್ಕೆ ಇದೆಯಲ್ಲ, ಅದು ಹಾಕಿತೆ? ಉತ್ತರ ತಿಳಿದ ಮೇಲೆ ಸಿಟ್ಟು ಮಾಡಿಕೊಂಡರೆ ಆ ಸಿಟ್ಟು ಸರಿಯಾದ ಬಾಗಿಲನ್ನೇ ತಟ್ಟುತ್ತದೆ.