ಮುಂದೆ ಯಾವುದು, ಹಿಂದೆ ಯಾವುದು?

ಹಿಂದುಮುಂದು ನೋಡದೆ ಯಾವ ಕೆಲಸಕ್ಕೂ ಕೈಹಾಕಬಾರದೆಂದು ಹಿರಿಯರು ಹೇಳುವುದುಂಟು. ಈ ಮಾತು ಅಕ್ಷರಶಃ ಸಲ್ಲುವ ಕೆಲಸವೊಂದಿದೆ. ಹಿಮ ಕವಿದ ಬೆಟ್ಟದ ಇಳಿಜಾರಿನಲ್ಲಿ, ಸ್ಕೀ ಎಂಬ ಎರಡು ನೀಳವಾದ ಹಲಗೆಗಳ ಮೇಲೆ ನಿಂತು, ಬೆನ್ನು ಮುಂದಾಗಿ ಜಾರುವ ಸಾಹಸಿಗಳಿದ್ದಾರೆ. ಅಂಥವನ ಪಾದ ಆ ಹಲಗೆಯ ಮೇಲೆ ಎಲ್ಲಿ ನೆಲೆಗೊಳ್ಳಬೇಕೆಂದು ಗೊತ್ತುಮಾಡುವುದೇ ಆ ಕೆಲಸ. ಮೇಲ್ನೋಟಕ್ಕೆ ಇದು ಒಂದೆರಡು ಅಂಗುಲಗಳ ಪ್ರಶ್ನೆ. ಆದರೆ ಆ ಒಂದೆರಡು ಅಂಗುಲಗಳ ಮುಂದೆ ಅನುಭವಶಾಲಿಯೂ ಬೈರಿಗೆಯನ್ನು ಕೈಯಲ್ಲಿ ಹಿಡಿದು ಗಳಿಗೆಹೊತ್ತು ತಡೆಯುತ್ತಾನೆ.

ಸ್ಕೀಯ ಮೇಲೆ ಬೂಟನ್ನು ಬಿಗಿದು ಹಿಡಿಯುವ ಸಾಧನಕ್ಕೆ ಬೈಂಡಿಂಗ್ ಎಂದು ಹೆಸರು. ಬೆರಳುಗಳ ಕಡೆಗೆ ಒಂದು, ಹಿಮ್ಮಡಿಯ ಕಡೆಗೆ ಒಂದು, ಹೀಗೆ ಎರಡು ತುಂಡುಗಳು. ಇವು ಬೂಟನ್ನು ಹಿಡಿದಿಡುವಷ್ಟೇ ಮುಖ್ಯವಾಗಿ, ಬಿದ್ದಾಗ ಬಿಟ್ಟುಕೊಡಲೂಬೇಕು. ಇಲ್ಲವಾದರೆ ಹಲಗೆಯ ತಿರುಚಾಟವೆಲ್ಲ ಮಂಡಿಯ ಪಾಲಾಗುತ್ತದೆ. ಇವನ್ನು ತಿರುಪುಮೊಳೆಗಳಿಂದ ಸ್ಕೀಗೆ ಜೋಡಿಸುತ್ತಾರೆ. ಜೋಡಿಸುವ ಜಾಗ ಬದಲಾದರೆ ಪಾದದ ಮುಂದೆ ಉಳಿಯುವ ಹಲಗೆಯ ಉದ್ದವೂ ಹಿಂದೆ ಉಳಿಯುವ ಉದ್ದವೂ ಬದಲಾಗುತ್ತವೆ. ಪ್ರಶ್ನೆಯ ಬೇರು ಇರುವುದು ಅಲ್ಲಿ.

ಮುಂದಕ್ಕೆ ಮಾತ್ರ ಜಾರುವ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಹಲಗೆಯ ಮುಂತುದಿ ಮೇಲಕ್ಕೆ ಬಾಗಿತ್ತು, ಹಿಂತುದಿ ಚಪ್ಪಟೆಯಾಗಿತ್ತು. ಪಾದವನ್ನು ನಡುಮಧ್ಯದಿಂದ ಹತ್ತು ಸೆಂಟಿಮೀಟರಿನಷ್ಟು ಹಿಂದೆ ಇಡುತ್ತಿದ್ದರು. ಮುಂದಕ್ಕೆ ಜಾರಲೆಂದೇ ಮಾಡಿದ ಸ್ಕೀಗಳಲ್ಲಿ ಇಂದಿಗೂ ಹಾಗೆಯೇ ಇಡುತ್ತಾರೆ. ಮುಂದಿನ ಭಾಗ ಉದ್ದವಾಗಿದ್ದರೆ ಅದು ಮೆದುಹಿಮದ ಮೇಲೆ ತೇಲುತ್ತದೆ, ವೇಗದಲ್ಲಿ ನಡುಗದೆ ದಾರಿ ತೋರುತ್ತದೆ. ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಸೊಂದ್ರೆ ನೂರ್‌ಹೈಮ್ ಎಂಬ ರೈತ ಹತ್ತೊಂಬತ್ತನೆಯ ಶತಮಾನದಲ್ಲಿ ಹಿಮ್ಮಡಿಯನ್ನು ಬಳಸಿ ಹಿಡಿಯುವ ಕಟ್ಟನ್ನು ಬಳಕೆಗೆ ತಂದಾಗ ಜಿಗಿಯುವುದೂ ತಿರುಗುವುದೂ ಸುಲಭವಾಯಿತು. ಆದರೆ ಹಲಗೆಗೆ ಮುಖ ಒಂದೇ ಕಡೆ ಎಂಬ ನಂಬಿಕೆ ಹಾಗೆಯೇ ಉಳಿಯಿತು.

ಹಾಗಿದ್ದರೆ ಹಿಮ್ಮುಖವಾಗಿ ಜಾರುವ ಹಂಬಲವಾದರೂ ಏಕೆ ಹುಟ್ಟಿತು? ಕಾರಣ ಲೆಕ್ಕದಲ್ಲಿದೆ. ಗಾಳಿಗೆ ನೆಗೆದು ಪೂರ್ತಿ ಒಂದು ಸುತ್ತು, ಎಂದರೆ 360 ಅಂಶ, ತಿರುಗಿದವನು ಮುಂದುಮುಖವಾಗಿಯೇ ನೆಲ ಸೇರುತ್ತಾನೆ. ಅರ್ಧ ಸುತ್ತು ಅಥವಾ ಒಂದೂವರೆ ಸುತ್ತು, ಎಂದರೆ 180 ಅಥವಾ 540 ಅಂಶ, ತಿರುಗಿದವನು ಬೆನ್ನು ಮುಂದಾಗಿ ಇಳಿಯಲೇಬೇಕು. ಚಪ್ಪಟೆಯಾದ ಹಿಂತುದಿ ಅಂಥ ಹೊತ್ತಿನಲ್ಲಿ ಗುದ್ದಲಿಯಂತೆ ಹಿಮಕ್ಕೆ ನಾಟಿಕೊಳ್ಳುತ್ತಿತ್ತು. ತಿರುಗಬಲ್ಲವನಿಗೂ ಆ ಅರ್ಧ ಸುತ್ತಿನ ಲೋಕ ಮುಚ್ಚಿದ ಬಾಗಿಲೇ ಆಗಿತ್ತು.

ಆ ಬಾಗಿಲನ್ನು ತಟ್ಟಿದವರು ಕೆನಡಾದ ಕೆಲವು ತರುಣರು. ಮೈಕ್ ಡಗ್ಲಸ್, ಜೆ. ಪಿ. ಓಕ್ಲೇರ್, ಜೆ. ಎಫ್. ಕ್ಯೂಸಾನ್ ಮೊದಲಾದವರ ಈ ಗುಂಪಿಗೆ ‘ನ್ಯೂ ಕೆನೇಡಿಯನ್ ಏರ್ ಫೋರ್ಸ್’ ಎಂಬ ಹೆಸರು ಬಿತ್ತು. ಹಿಮದ ದಿಬ್ಬಗಳ ಮೇಲಿನ ಸ್ಪರ್ಧೆಯ ಕಟ್ಟುನಿಟ್ಟಾದ ನಿಯಮಗಳಿಂದ ಬೇಸತ್ತಿದ್ದ ಇವರು, ಎರಡೂ ತುದಿ ಬಾಗಿದ ಸ್ಕೀ ಬೇಕೆಂದು ತಯಾರಕರನ್ನು ಕೇಳಿದರು. ಅಂಥ ಪ್ರಯತ್ನಗಳು ಅದಕ್ಕೂ ಮೊದಲು ನಡೆದಿರಲಿಲ್ಲವೆಂದಲ್ಲ. ಆದರೆ ಅವು ಬೇರೂರಿರಲಿಲ್ಲ. ಹಲವರು ಒಲ್ಲೆನೆಂದ ಮೇಲೆ ಫ್ರಾನ್ಸಿನ ಸಾಲೊಮನ್ ಸಂಸ್ಥೆ ಒಪ್ಪಿತು. 1998ರಲ್ಲಿ ‘ಟೆನ್‌ಎಯ್ಟಿ’ ಎಂಬ ಸ್ಕೀ ಮಾರುಕಟ್ಟೆಗೆ ಬಂದಿತು. ಮೂರು ಪೂರ್ಣ ಸುತ್ತುಗಳ ಮೊತ್ತವಾದ 1080 ಅಂಶಗಳೇ ಅದರ ಹೆಸರು. ಮುಂದೆ 2014ರಲ್ಲಿ ರಷ್ಯದ ಸೋಚಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ದಿಬ್ಬಗಳನ್ನೂ ಕಂಬಿಗಳನ್ನೂ ದಾಟುತ್ತ ಇಂಥ ಚಮತ್ಕಾರಗಳನ್ನು ತೋರಿಸುವ ಸ್ಪರ್ಧೆಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು.

ಹಲಗೆಗೆ ಎರಡನೆಯ ಮುಖವೇನೋ ಬಂದಿತು. ಆದರೆ ಪಾದ ಹಳೆಯ ಜಾಗದಲ್ಲಿಯೇ ಉಳಿದರೆ ಏನಾಗುತ್ತದೆ? ಮುಂದಕ್ಕೆ ಜಾರುವಾಗ ಗಿಡ್ಡನೆಯ ಹಿಂಭಾಗದಿಂದ ತೊಂದರೆಯಿಲ್ಲ. ಹಿಮ್ಮುಖವಾಗಿ ಜಾರುವಾಗ ಅದೇ ಗಿಡ್ಡ ಭಾಗ ಮುಂಭಾಗವಾಗುತ್ತದೆ. ನೆಗೆತದಿಂದ ಇಳಿದವನ ಭಾರ ಕೊಂಚ ಆಚೆ ಸರಿದರೂ ಆಧಾರವಾಗಲು ಅಲ್ಲಿ ಹಲಗೆಯೇ ಸಾಲದು. ಮೆದುಹಿಮದಲ್ಲಿ ಅದು ಹೂತೇಹೋಗುತ್ತದೆ. ಗಾಳಿಯಲ್ಲಿ ತಿರುಗುವಾಗಲೂ ಉದ್ದವಾದ ಒಂದು ಕಡೆ ಜಗ್ಗಿದಂತಾಗಿ ಸುತ್ತು ಹದ ತಪ್ಪುತ್ತದೆ.

ಹಾಗಾದರೆ ಪಾದವನ್ನು ನಡುಮಧ್ಯಕ್ಕೇ ತಂದುಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ನೆಗೆತ, ಕಂಬಿಯ ಮೇಲಿನ ಜಾರಾಟ, ಗಾಳಿಯಲ್ಲಿ ತಿರುಗಾಟ ಇಷ್ಟೇ ದಿನಚರಿಯಾಗಿರುವವರು ಹಾಗೆಯೇ ಮಾಡುತ್ತಾರೆ. ಆದರೆ ಎತ್ತಿನ ಗಾಡಿಗೆ ಮೂಟೆ ಹೇರುವ ಅನುಭವಿ ಒಂದು ಮಾತು ಬಲ್ಲ: ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಸರಿಯಾದ ಹದ ಯಾವುದೆಂಬುದು ಹೋಗುವ ದಾರಿಯ ಮೇಲೆ ನಿಂತಿದೆ. ಸ್ಕೀಯ ಮಾತೂ ಹಾಗೆಯೇ. ನಡುಮಧ್ಯದಲ್ಲಿ ನಿಂತವನು ಆಳವಾದ ಮೆದುಹಿಮದಲ್ಲಿ ಮುಂದಕ್ಕೆ ಜಾರಿದರೆ ಮುಂತುದಿ ಮುಳುಗತೊಡಗುತ್ತದೆ. ಅದನ್ನು ಎತ್ತಿಹಿಡಿಯಲೆಂದು ಅವನು ಹಿಂದಕ್ಕೆ ವಾಲಬೇಕು. ವಾಲಿ ವಾಲಿ ತೊಡೆಗಳು ಸೋಲುತ್ತವೆ. ವೇಗ ಏರಿದಂತೆ ಮುಂದೆ ಹಲಗೆ ಸಾಲದೆಂಬ ಅಳುಕು ಹುಟ್ಟುತ್ತದೆ. ನೀಳವಾದ ಹಿಂಭಾಗ ತಿರುವಿನ ಕೊನೆಯಲ್ಲಿ ಬೇಗನೆ ಬಿಡಿಸಿಕೊಳ್ಳದೆ ಹಠ ಹಿಡಿಯುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಹಲಗೆಗೆ ಎರಡು ಮುಖಗಳಿರಬಹುದು, ಮನುಷ್ಯನಿಗೆ ಇರುವುದು ಒಂದೇ. ಅವನ ಮಂಡಿ, ಕಣಕಾಲುಗಳು ಬಾಗುವುದು ಮುಂದಕ್ಕೆ. ಸ್ಕೀ ಬೂಟಿನ ಕೊಳವೆಯೂ ಮುಂದಕ್ಕೇ ಓರೆಯಾಗಿದೆ. ಆದುದರಿಂದ ಹಲಗೆಯ ನಟ್ಟನಡುವೆ ನಿಂತರೂ ಎರಡು ದಿಕ್ಕಿನ ಅನುಭವ ಒಂದೇ ಆಗದು. ಸಮಾನತೆ ಅಳತೆಪಟ್ಟಿಯಲ್ಲಿ ದೊರೆತ ಮಾತ್ರಕ್ಕೆ ದೇಹಕ್ಕೂ ದೊರೆಯಿತೆಂದು ತಿಳಿಯಲಾಗದು.

ಇದರಿಂದಾಗಿ ಸ್ಕೀ ಅಂಗಡಿಯ ಒಳ್ಳೆಯ ಕೆಲಸಗಾರ ಗಿರಾಕಿಯನ್ನು ಮೊದಲು ಕೇಳುವುದು ಸ್ಕೀಯ ಹೆಸರನ್ನಲ್ಲ. “ದಿನದಲ್ಲಿ ಎಷ್ಟು ಹೊತ್ತು ಹಿಮ್ಮುಖವಾಗಿ ಜಾರುತ್ತೀರಿ?” ಎಂದು ಕೇಳುತ್ತಾನೆ. ಇಪ್ಪತ್ತರ ಹರೆಯದ ಗಿರಾಕಿ ಆಗ ಹೇಳುವ ಉತ್ತರಕ್ಕೂ ಬೆಟ್ಟದ ಮೇಲೆ ಅವನು ನಿಜವಾಗಿ ಕಳೆಯುವ ದಿನಕ್ಕೂ ಅಂತರವಿರುವುದುಂಟು. ಕನಸಿನಲ್ಲಿ ಅವನು ದಿನವಿಡೀ ಗಾಳಿಯಲ್ಲಿ ಸುತ್ತುತ್ತಾನೆ; ವಾಸ್ತವದಲ್ಲಿ ಗೆಳೆಯರೊಡನೆ ಮುಂದುಮುಖವಾಗಿ ಇಳಿಯುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತದೆ. ಬೈಂಡಿಂಗ್ ಕೂರಬೇಕಾದುದು ನಿಜವಾದ ದಿನಕ್ಕೆ ತಕ್ಕಂತೆ.

ವಾಡಿಕೆಯಲ್ಲಿ ಮೂರು ನೆಲೆಗಳನ್ನು ಗುರುತಿಸಬಹುದು. ಕಂಬಿ ಮತ್ತು ನೆಗೆತಗಳಲ್ಲಿಯೇ ಮುಳುಗಿರುವವರಿಗೆ ನಡುಮಧ್ಯ, ಅಥವಾ ಅದರಿಂದ 1-2 ಸೆಂಟಿಮೀಟರ್ ಹಿಂದೆ. ಬೆಟ್ಟವನ್ನೆಲ್ಲ ಸುತ್ತುತ್ತ ನಡುನಡುವೆ ಹಿಮ್ಮುಖವಾಗಿಯೂ ಜಾರುವವರಿಗೆ ಸುಮಾರು 3ರಿಂದ 5 ಸೆಂಟಿಮೀಟರ್ ಹಿಂದೆ. ಮೆದುಹಿಮ ಮತ್ತು ವೇಗಗಳನ್ನೇ ಮೆಚ್ಚಿ, ಹಿಮ್ಮುಖ ನಡೆಯನ್ನು ಎಂದಾದರೊಮ್ಮೆ ಮಾತ್ರ ಬಯಸುವವರಿಗೆ ತಯಾರಕರು ಗೊತ್ತುಮಾಡಿದ ಗೆರೆಯೇ ಲೇಸು. ಆ ಗೆರೆ ಸುಮ್ಮನೆ ಎಳೆದದ್ದಲ್ಲ; ಹಲಗೆಯ ಸೊಂಟ ಎಲ್ಲಿ ಸಣ್ಣದಾಗಿದೆ, ಎಲ್ಲಿ ಎಷ್ಟು ಬಾಗುತ್ತದೆ ಎಂಬುದೆಲ್ಲ ಅದರಲ್ಲಿ ಅಡಗಿದೆ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಹಲಗೆಯ ಮೇಲೆ ಬರೆದ ಉದ್ದವನ್ನೇ ನಂಬಬಾರದು. ನಿಜವಾದ ಉದ್ದ ಒಂದೆರಡು ಸೆಂಟಿಮೀಟರ್ ಹೆಚ್ಚುಕಡಮೆ ಇರಬಹುದು. ಅಳತೆಪಟ್ಟಿಯನ್ನು ಹಲಗೆಯ ಬಾಗಿಗೆ ಅಂಟಿಸದೆ, ತುದಿಯಿಂದ ತುದಿಗೆ ನೇರವಾಗಿ ಬಿಗಿದು ಹಿಡಿಯಬೇಕು. ಹಾಗೆ ಹಿಡಿದಾಗ 176 ಸೆಂಟಿಮೀಟರ್ ಬಂದಿತೆಂದಿಟ್ಟುಕೊಂಡರೆ ನಡುಮಧ್ಯ 88ರಲ್ಲಿ. ತಯಾರಕರ ಗೆರೆ ಹಿಂತುದಿಯಿಂದ 82ರಲ್ಲಿದ್ದರೆ ಅದು ಮಧ್ಯದಿಂದ 6 ಸೆಂಟಿಮೀಟರ್ ಹಿಂದಿದೆ. ಎರಡು ಬಯಕೆಗಳಿಗೂ ನ್ಯಾಯ ಸಲ್ಲಬೇಕೆನ್ನುವವನು 85ರಲ್ಲಿ ಗುರುತು ಹಾಕಬಹುದು. ಬಳಿಕ ಬೂಟಿನ ಅಟ್ಟೆಯ ಮಧ್ಯವನ್ನು ತೋರಿಸುವ ಗೀಟನ್ನು ಆ ಗುರುತಿಗೆ ಹೊಂದಿಸಬೇಕು. ಸ್ನೇಹಿತನೊಬ್ಬ “ಎರಡು ಹಿಂದೆ ಇಡು” ಎಂದರೆ ಯಾವುದರಿಂದ ಎರಡು ಎಂದು ಕೇಳದೆ ಬಿಡಬಾರದು. ಒಬ್ಬರು ನಡುಮಧ್ಯದಿಂದ ಎಣಿಸುತ್ತಾರೆ, ಇನ್ನೊಬ್ಬರು ತಯಾರಕರ ಗೆರೆಯಿಂದ. ಒಂದೇ ಸಂಖ್ಯೆ, ಎರಡು ಅರ್ಥ. ಇಂಥ ಕಡೆಯೇ ಅನರ್ಥ ಹುಟ್ಟುವುದು.

ಇಷ್ಟೆಲ್ಲ ಜಾಗರೂಕತೆ ಏಕೆಂದರೆ ಬೈರಿಗೆ ತೋಡಿದ್ದನ್ನು ಅಳಿಸಲಾಗದು. ತೂತನ್ನು ಬೆಣೆಯಿಂದ ಮುಚ್ಚಬಹುದು, ಅಂಟು ತುಂಬಬಹುದು. ಆದರೂ ಹೊಸ ತೂತು ಹಳೆಯದಕ್ಕೆ ತೀರ ಹತ್ತಿರವಾದರೆ ತಿರುಪುಮೊಳೆ ಗಟ್ಟಿಯಾಗಿ ನಿಲ್ಲದು. ಆದುದರಿಂದ ವಿಚಿತ್ರವೊಂದು ಸಂಭವಿಸುತ್ತದೆ: ಅರ್ಧ ಸೆಂಟಿಮೀಟರಿನ ತಪ್ಪನ್ನು ತಿದ್ದುವುದು ಹಲವು ವೇಳೆ ಮೂರು ಸೆಂಟಿಮೀಟರಿನ ತಪ್ಪನ್ನು ತಿದ್ದುವುದಕ್ಕಿಂತ ಕಷ್ಟ. ಸಂಶಯವಿದ್ದವರಿಗೆ ಒಂದು ಮಾರ್ಗವಿದೆ. ಬಾಡಿಗೆಯ ಸ್ಕೀಗಳಲ್ಲಿ ಹಳಿಯ ಮೇಲೆ ಹಿಂದೆಮುಂದೆ ಸರಿಯುವ ಬೈಂಡಿಂಗುಗಳಿರುತ್ತವೆ. ಅವು ತುಸು ಭಾರ. ಆದರೆ ಒಂದು ದಿನ ನಡುಮಧ್ಯದಲ್ಲಿ, ಮರುದಿನ ಕೊಂಚ ಹಿಂದೆ ನಿಂತು ಜಾರಿ ನೋಡಬಹುದು. ಮೊಳೆ ಹೊಡೆಯುವುದಕ್ಕೆ ಮುಂಚೆ ಕಾಲೇ ತೀರ್ಪು ಹೇಳುವುದು ಮೇಲು.

ಜಾಗ ಯಾವುದೇ ಇರಲಿ, ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಡಬೇಕೆಂಬುದನ್ನು ಮಾತ್ರ ಊಹೆಗೆ ಬಿಡುವಂತಿಲ್ಲ. ತೂಕ, ಎತ್ತರ, ವಯಸ್ಸು, ಜಾರುವ ರೀತಿ, ಬೂಟಿನ ಅಟ್ಟೆಯ ಉದ್ದ ಇವನ್ನೆಲ್ಲ ನೋಡಿ ತಿಳಿದವರೇ ಅದನ್ನು ಹೊಂದಿಸಬೇಕು. ಅಲ್ಲಿ ಶೋಕಿಗೆ ಎಡೆಯಿಲ್ಲ; ಪಣಕ್ಕಿಟ್ಟಿರುವುದು ಮಂಡಿ.

ಎರಡು ಮುಖಗಳ ಹಲಗೆ ದೊರೆತ ಮಾತ್ರಕ್ಕೆ ಎರಡೂ ದಿಕ್ಕುಗಳು ಪೂರ್ತಿಯಾಗಿ ಕೈವಶವಾಗುವುದಿಲ್ಲ. ಹಿಮ್ಮುಖಕ್ಕೆ ಕೊಟ್ಟ ಪ್ರತಿಯೊಂದು ಸೆಂಟಿಮೀಟರ್ ಮುಮ್ಮುಖದಿಂದ ಕಡ ತಂದದ್ದು. ಎಷ್ಟು ಕಡ ತರಬೇಕು, ಎಷ್ಟನ್ನು ತೀರಿಸಬಲ್ಲೆ ಎಂಬುದನ್ನು ಜಾರುವವನೇ ಅರಿಯಬೇಕು. ಹಿರಿಯರು ಹಿಂದುಮುಂದು ನೋಡಬೇಕೆಂದದ್ದು ಅಂಜಿ ಕೂರುವುದಕ್ಕಲ್ಲ, ಒಮ್ಮೆ ನೋಡಿ ತೀರ್ಮಾನಿಸಿದ ಮೇಲೆ ಅಳುಕಿಲ್ಲದೆ ಇಳಿಯುವುದಕ್ಕೆ.